ಹನ್ನೊಂದು ಮೆಣಸಿನಕಾಯಿಯ ಸರ್ಟಿಫಿಕೇಟು

ದಾವಣಗೆರೆಯಿಂದ ವೀಣಾ ಒಂದು ಫೈಲು ಕಳಿಸಿದ್ದಾಳೆ. ವೀಣಾ ನನ್ನ ಹೆಂಡತಿಯ ಅಣ್ಣನ ಮಗಳು. ಅಲ್ಲೆಲ್ಲೋ ಮೂರನೇ ಮಹಡಿಯಲ್ಲಿ ಒಂದು ಮನೆ ಕೊಳ್ಳುವವಳಿದ್ದಾಳೆ. ಕೊಳ್ಳುವ ಮುಂಚೆ ಅದನ್ನು ಪರೀಕ್ಷೆ ಮಾಡಿಸಿದ್ದಾಳೆ. ಮನೆ ಪರೀಕ್ಷೆ ಮಾಡುವುದಕ್ಕೆಂದೇ ಓದಿಕೊಂಡವರು ಈಗ ಸಿಗುತ್ತಾರಂತೆ. ಅಂಥವರೊಬ್ಬರು ಬಂದು, ಗೋಡೆಗಳಿಗೆ ಯಂತ್ರ ಹಿಡಿದು, ನಲ್ಲಿಗಳನ್ನೆಲ್ಲ ತಿರುಗಿಸಿ, ನಲವತ್ತೆರಡು ಪುಟ ಬರೆದುಕೊಟ್ಟಿದ್ದಾರೆ. "ಮಾಮ, ನೀವೊಂದ್ಸಲ ಓದಿ ಹೇಳಿ" ಎಂದು ಅವಳ ಅಪ್ಪಣೆ.

ಓದಿದೆ. ನನ್ನ ಅರವತ್ತನೇ ವರ್ಷದಲ್ಲಿ ನನ್ನ ದೇಹವನ್ನು ಪರೀಕ್ಷೆ ಮಾಡಿದ ಡಾಕ್ಟರು ಬರೆದದ್ದು ಅರ್ಧ ಪುಟ. ಗೋಡೆಯ ಯೋಗ ನೋಡಿ. 'ಸ್ನಾನದ ಕೋಣೆಯ ಪೂರ್ವದ ಗೋಡೆ: ತೇವಾಂಶ ಸ್ವೀಕಾರಾರ್ಹ' ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದಿಟ್ಟೆ. ಸ್ವೀಕಾರಾರ್ಹ ಎನ್ನುವ ಮಾತನ್ನು ಯಾರಾದರೂ ಬಾಯಿಬಿಟ್ಟು ಹೇಳಲಿ ಎಂದು ನಾನೊಮ್ಮೆ ಚನ್ನಗಿರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರ ಹಿಂದೆ ಓಡಿದ್ದೆ. ಅವರ ಹೆಸರು ಓವರ್ಸಿಯರ್ ತಿಪ್ಪೇಸ್ವಾಮಿ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಚನ್ನಗಿರಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಬಾಡಿಗೆಗೆ ಇದ್ದದ್ದು ಅರ್ಧ ಮನೆ. ಇನ್ನರ್ಧದಲ್ಲಿ ಮನೆಯ ಮಾಲೀಕರ ಎಮ್ಮೆ ಇತ್ತು. ನಡುವೆ ಒಂದು ಹಲಗೆಯ ಗೋಡೆ. ಎಮ್ಮೆ ಸಭ್ಯ ಪ್ರಾಣಿ, ಅದರ ಬಗ್ಗೆ ನನ್ನ ದೂರಿಲ್ಲ. ಆದರೆ ನನ್ನ ಹೆಂಡತಿ ಶಾಂತ ಕೆಮ್ಮಿದರೆ ಅದೂ ಕೆಮ್ಮುತ್ತಿತ್ತು. ಹೆರಿಗೆಗೆಂದು ಹೊನ್ನಾಳಿಯ ತೌರಿಗೆ ಹೋದ ಶಾಂತ, ಹೆಣ್ಣುಮಗು ಹುಟ್ಟಿ ಐದು ತಿಂಗಳಾದರೂ ವಾಪಸು ಬರುವ ಸುದ್ದಿ ಎತ್ತಲಿಲ್ಲ. ಕೊನೆಗೆ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಎಮ್ಮೆ ಪಕ್ಕದಲ್ಲಿ ಕೂಸನ್ನು ಮಲಗಿಸುವುದಿಲ್ಲ, ನನ್ನ ಚಿನ್ನದ ಅವಲಕ್ಕಿ ಸರ ತೆಗೆದುಕೊಳ್ಳಿ, ಒಂದು ಸ್ವಂತ ಮನೆ ನೋಡಿ, ನೋಡಿ ಅಂದರೆ ಸರಿಯಾಗಿ ನೋಡಿ, ಎಂದು ಬರೆದಿದ್ದಳು. ಕೊನೆಯ 'ನೋಡಿ'ಯ ಕೆಳಗೆ ಎರಡು ಗೆರೆ ಎಳೆದಿದ್ದಳು. ಮದುವೆಯಾದ ಎರಡು ವರ್ಷದಲ್ಲಿ ನನ್ನ ನೋಟದ ಮೇಲೆ ಅವಳಿಗೆ ಎಷ್ಟು ಭರವಸೆ ಹುಟ್ಟಿತ್ತು ಎನ್ನುವುದು ಆ ಎರಡು ಗೆರೆಗಳಿಂದ ನಿಮಗೂ ತಿಳಿದಿರಬಹುದು.

ಮನೆಯೊಂದು ಮಾರಾಟಕ್ಕಿತ್ತು. ಕೋಟೆ ಗುಡ್ಡದ ಕೆಳಗಿನ ಬೀದಿಯಲ್ಲಿ, ಮಣ್ಣಿನ ಗೋಡೆ, ಮೇಲೆ ಗಾರೆ, ಮಂಗಳೂರು ಹೆಂಚು. ಮನೆಯೊಡೆಯರಾದ ಅಡಿಕೆ ವ್ಯಾಪಾರದ ಸಿದ್ದೇಶಣ್ಣ ತಾಯಿಯನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋಗುವವರಿದ್ದರು. ಸಮಸ್ಯೆಯೆಂದರೆ ಉಬ್ರಾಣಿ ಊರಿನವರೊಬ್ಬರು ಸೋಮವಾರ ಬಂದು ಅದೇ ಮನೆಗೆ ಮಾತು ಮುಗಿಸುತ್ತಾರೆ ಎನ್ನುವ ಸುದ್ದಿ. ನಾನು ಹೋಗಿ ನೋಡಿದೆ. ಗೋಡೆಗಳು ನಾಲ್ಕೂ ಕಡೆ ಇದ್ದವು. ಅದಕ್ಕಿಂತ ಹೆಚ್ಚು ನನಗೆ ತಿಳಿಯಲಿಲ್ಲ.

ನಮ್ಮ ಹೆಡ್‌ಮೇಷ್ಟ್ರು ನ್ಯಾಮತಿಯವರು. ಅವರೇ ತಿಪ್ಪೇಸ್ವಾಮಿಯವರ ಹೆಸರು ಹೇಳಿದ್ದು. ಜಗಳೂರಿನವರು, ಓವರ್ಸಿಯರ್ ಪರೀಕ್ಷೆ ಪಾಸು ಮಾಡಿ, ಸರ್ಕಾರಿ ಕಟ್ಟಡಗಳನ್ನು ಕಟ್ಟಿಸಿ ರಿಟೈರ್ ಆದವರು. ಯಾರಾದರೂ ಕರೆದರೆ ಬಂದು ಮನೆ ನೋಡಿಕೊಡುತ್ತಾರೆ. ನ್ಯಾಮತಿಯಲ್ಲಿ ಒಂದು ಮನೆಯ ಪಡಸಾಲೆ ಗೋಡೆ ಎರಡು ಮಳೆಗಾಲ ತಡೆಯುವುದಿಲ್ಲ ಎಂದಿದ್ದರಂತೆ. ಕೊಂಡವನು ಕೇಳಲಿಲ್ಲ. ಎರಡನೇ ಮಳೆಗಾಲದಲ್ಲಿ ಗೋಡೆ ಬಿತ್ತು, ಅದೂ ಅವನ ಹೊಸ ಸೈಕಲ್ಲಿನ ಮೇಲೆ. ಗೋಡೆ ಬಿದ್ದದ್ದಕ್ಕಿಂತ ಸೈಕಲ್ಲನ್ನು ಆರಿಸಿಕೊಂಡು ಬಿದ್ದದ್ದರಿಂದ ತಿಪ್ಪೇಸ್ವಾಮಿಯವರ ಕೀರ್ತಿ ಹಬ್ಬಿತು.

ಅವರದೊಂದು ನೇಮ ಇತ್ತು. ನೋಡಲು ಹೋದ ಮನೆಯಲ್ಲಿ ಏನೂ ತಿನ್ನುವುದಿಲ್ಲ, ಕುಡಿಯುವುದಿಲ್ಲ. ತಿಂದರೆ ಆ ಮನೆಯ ಮೇಲೆ ಒಂದು ದೂರನ್ನೂ ಆಡುವುದಿಲ್ಲ. ಅದಕ್ಕಾಗಿ ಹಸಿದೇ ಬರುತ್ತಿದ್ದರು. ಹೊಟ್ಟೆ ತುಂಬಿದವನ ಕಣ್ಣಿಗೆ ಎಲ್ಲ ಗೋಡೆಯೂ ನೆಟ್ಟಗೆ ಕಾಣುತ್ತದೆ ಎಂಬುದು ಅವರ ಸಿದ್ಧಾಂತ. ಈ ನೇಮ ಜಗಳೂರಿನಲ್ಲಿ ಹೇಗೆ ನಡೆಯುತ್ತಿತ್ತೋ ಗೊತ್ತಿಲ್ಲ. ಚನ್ನಗಿರಿಯಲ್ಲಿ, ಮನೆಗೆ ಬಂದವರು ಏನೂ ಮುಟ್ಟದೆ ಎದ್ದು ಹೋದರೆ ಮನೆಯವರು ವಾರಗಟ್ಟಲೆ ತಮ್ಮಲ್ಲಿ ಏನು ತಪ್ಪಾಯಿತು ಎಂದು ಚರ್ಚಿಸುತ್ತಾರೆ. ನಮ್ಮ ಕಡೆ ಉಪಚಾರ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ಶುರುವಾಗುತ್ತದೆ ಎಂದು ಇದುವರೆಗೆ ಯಾರೂ ಗೆರೆ ಎಳೆದಿಲ್ಲ. ಸಿದ್ದೇಶಣ್ಣನಿಗೆ ಈ ನೇಮದ ಸುದ್ದಿ ಮೊದಲೇ ಮುಟ್ಟಿತ್ತೇ ಎಂಬುದನ್ನು ನಾನು ಇವತ್ತಿನವರೆಗೂ ಖಚಿತವಾಗಿ ಹೇಳಲಾರೆ.

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದೆ. ಎರಡು ಬಸ್ಸು ಬದಲಿಸಿ ಬಂದ ತಿಪ್ಪೇಸ್ವಾಮಿಯವರು ಇಳಿದರು. ತೆಳ್ಳಗಿನ ಉದ್ದನೆಯ ಆಳು, ಕಚ್ಚೆ ಪಂಚೆ, ಕರಿ ಕೋಟು, ಹೆಗಲಿಗೆ ಕ್ಯಾನ್ವಾಸ್ ಚೀಲ. ಅವರೂ ಗೋಡೆಯ ನೇರ ನೋಡುವ ತಮ್ಮದೇ ತೂಗುಗುಂಡಿನ ಹಾಗೆ ನೆಟ್ಟಗೆ ನಿಲ್ಲುತ್ತಿದ್ದರು.

ಸಿದ್ದೇಶಣ್ಣ ಬಾಗಿಲಲ್ಲೇ ಒಂದು ಚೊಂಬು ನೀರು, ಬೆಲ್ಲ ಹಿಡಿದು ನಿಂತಿದ್ದರು. ತಿಪ್ಪೇಸ್ವಾಮಿಯವರು ಕೈಮುಗಿದು ಬೇಡವೆಂದರು. ಬೆಲ್ಲ ಬೇಡ, ನೀರಾದರೂ ಕುಡಿಯಿರಿ, ನೀರೇನು ಲೆಕ್ಕಕ್ಕೆ ಬರುತ್ತದೆಯೇ ಎಂದರು ಸಿದ್ದೇಶಣ್ಣ.

"ನಿಮ್ ಕಡೆ ಬರಂಗಿಲ್ಲ ಸಾವ್ಕಾರ್ರೆ. ನಮ್ ಜಗಳೂರಾಗೆ ಊಟಕ್ಕಿಂತ ನೀರೇ ದೊಡ್ಡದು" ಎಂದು ತಿಪ್ಪೇಸ್ವಾಮಿಯವರು ಒಳಗೆ ಬಂದರು.

ಮೊದಲು ಚಪ್ಪಲಿ ಬಿಟ್ಟರು, ಆಮೇಲೆ ಕೋಟು ಬಿಚ್ಚಿದರು, ಆಮೇಲೆ ಪಡಸಾಲೆಯ ನಡುವೆ ನೆಲದ ಮೇಲೆ ಅಂಗಾತ ಮಲಗಿದರು. ಹತ್ತು ನಿಮಿಷ ತೊಲೆಗಳನ್ನೇ ನೋಡುತ್ತಿದ್ದರು. ನಾನೂ ಸಿದ್ದೇಶಣ್ಣನೂ ಏನು ಮಾಡಬೇಕೆಂದು ತಿಳಿಯದೆ ಆಚೀಚೆ ನಿಂತಿದ್ದೆವು. ಹೊರಗಿನಿಂದ ಇಣುಕಿದ ಪಕ್ಕದ ಮನೆಯ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೋದಳು. ಎದ್ದವರು ಗೋಡೆಗಳನ್ನು ತೆಂಗಿನಕಾಯಿ ಆರಿಸುವ ಹಾಗೆ ಬೆರಳಿನಿಂದ ಬಡಿದು ಕಿವಿಗೊಟ್ಟರು. ನೆಲದ ಮೇಲೆ ಗೋಲಿ ಉರುಳಿಸಿದರು. ಅದು ದೇವರ ಕೋಣೆಯ ಕಡೆ ಹೋಯಿತು. ಸಿದ್ದೇಶಣ್ಣ ಅದನ್ನು ಶುಭ ಎಂದರು. ತಿಪ್ಪೇಸ್ವಾಮಿಯವರು ನೋಟ್‌ಬುಕ್ಕಿನಲ್ಲಿ ಏನೋ ಬರೆದರು. ಕಂಬದ ಬುಡಕ್ಕೆ ಮೂಗು ಹಚ್ಚಿ ಮೂಸಿದರು, ಬರೆದರು. ನಡುಮನೆಯ ಮೂಲೆಯ ಸುಣ್ಣವನ್ನು ಉಗುರಿನಿಂದ ಕೆರೆದು ನಾಲಿಗೆಗೆ ಮುಟ್ಟಿಸಿದರು. ಇದು ಈ ಮನೆಯದನ್ನು ತಿಂದ ಲೆಕ್ಕವೇ ಎಂದು ನನಗೆ ಗಾಬರಿಯಾಯಿತು. ಅವರು ಅದನ್ನು ಉಗುಳಿದ ಮೇಲೆ ನೆಮ್ಮದಿ.

ಈ ನಡುವೆ ಕಾಫಿ ಬಂತು, ಹೋಯಿತು. ಅವಲಕ್ಕಿ ಬಂತು, ಹೋಯಿತು. ಹೋದದ್ದೆಲ್ಲ ನನ್ನ ಹೊಟ್ಟೆಗೇ ಹೋಯಿತು, ಏಕೆಂದರೆ ನನಗೆ ಯಾವ ನೇಮವೂ ಇರಲಿಲ್ಲ.

ಕೊನೆಗೆ ಉಳಿದದ್ದು ಅಡುಗೆಮನೆ. ಅಲ್ಲಿ ಸಿದ್ದೇಶಣ್ಣನ ತಾಯಿ ಗೌರಜ್ಜಿ ಒಲೆಯ ಮುಂದೆ ಕೂತು ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಪಕ್ಕದಲ್ಲಿ ಮೊರದ ತುಂಬ ಮಂಡಕ್ಕಿ. ದಾವಣಗೆರೆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಆ ವಾಸನೆಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಬೇರೆ ಕಡೆ ಹುಟ್ಟಿದವರಿಗೆ ಹೇಳಿ ಪ್ರಯೋಜನವಿಲ್ಲ. ತಿಪ್ಪೇಸ್ವಾಮಿಯವರು ತಲೆಯೆತ್ತಿ ಒಂದೊಂದೇ ಜಂತೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಕಂಬವನ್ನು ಭುಜದಿಂದ ಒತ್ತಿದರು. ಅವರ ಹೊಟ್ಟೆ ಸದ್ದು ಮಾಡಿದ್ದು ನಮಗೆಲ್ಲ ಕೇಳಿಸಿತು.

ಗೌರಜ್ಜಿ ಜಾಲರಿಯಲ್ಲಿ ಮೆಣಸಿನಕಾಯಿ ಎತ್ತುತ್ತಾ, "ಯಪ್ಪಾ, ಮನೆ ಹೆಂಗಾದ್ರೂ ಇರ್ಲಿ. ಅದನ್ನ ಕಟ್ಟಿದೋಳು ನಾನಲ್ಲ. ಈ ಮೆಣಸಿನಕಾಯಿ ಮಾಡಿದೋಳು ನಾನು. ಇದ್ರಾಗೆ ತಪ್ಪಿದ್ರೆ ಹೇಳು" ಎಂದರು.

ತಿಪ್ಪೇಸ್ವಾಮಿಯವರು ಇನ್ನೊಮ್ಮೆ ಮೇಲೆ ನೋಡಿದರು. ನೋಟ್‌ಬುಕ್ಕು ಮುಚ್ಚಿ ಅಂಗಿಯ ಜೇಬಿಗೆ ಹಾಕಿದರು. ನಡುತೊಲೆಯ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತರು.

ಹನ್ನೊಂದು. ನಾನು ಎಣಿಸಿದ್ದೇನೆ. ಪ್ರತಿಯೊಂದು ಒಳಗೆ ಹೋದಾಗಲೂ ನನ್ನ ಮನೆಯ ಒಂದೊಂದು ಗೋಡೆ ಕತ್ತಲಿಗೆ ಸರಿದ ಹಾಗಾಯಿತು. ಅವರು ತಿಂದು, ಎರಡು ಲೋಟ ಕಾಫಿ ಕುಡಿದು, ಗೋಡೆಗೊರಗಿ ಗೌರಜ್ಜಿಯ ಹತ್ತಿರ ಕಡಲೆಹಿಟ್ಟಿಗೆ ಓಮ ಎಷ್ಟು ಹಾಕುತ್ತೀರಿ ಎಂದು ವಿಚಾರಿಸಿಕೊಂಡು ಏಳುವ ಹೊತ್ತಿಗೆ, ಕೂತು ಒಂದು ಗಂಟೆಯ ಮೇಲಾಗಿತ್ತು. ಸಿದ್ದೇಶಣ್ಣನ ಮುಖದಲ್ಲಿ ಹಬ್ಬ.

ಬಸ್ ಸ್ಟ್ಯಾಂಡಿನವರೆಗೂ ಅವರ ಹಿಂದೆ ಓಡಿದೆ. ಹೆಂಡತಿ, ಕೂಸು, ಎಮ್ಮೆ, ಸೋಮವಾರ, ಎಲ್ಲವನ್ನೂ ಹೇಳಿದೆ. ನೋಟ್‌ಬುಕ್ಕನ್ನಾದರೂ ತೋರಿಸಿ ಎಂದೆ.

"ಮೇಷ್ಟ್ರೇ, ಆ ಮನೆ ಬಗ್ಗೆ ಇನ್ನು ನನ್ ಬಾಯಿಂದ ಕೆಟ್ಟ ಮಾತು ಬರಂಗಿಲ್ಲ."

"ಒಳ್ಳೇ ಮಾತಾದ್ರೂ ಹೇಳಿ ಸಾರ್. ಒಂದೇ ಒಂದು."

"ಒಳ್ಳೇದು ಹೇಳಿದ್ರೆ ತಿಂದಿದ್ದಕ್ಕೆ ಹೇಳ್ದ ಅಂತಾರೆ. ಅದೂ ಬರಂಗಿಲ್ಲ." ಫೀಸನ್ನೂ ಮುಟ್ಟದೆ ಬಸ್ಸು ಹತ್ತಿದರು. ಕಿಟಕಿಯಿಂದ ಕೈ ಬೀಸಿದರು. ಬೆರಳು ಇನ್ನೂ ಹಳದಿಯಾಗಿತ್ತು.

ನಾನು ಹೊನ್ನಾಳಿಯ ಬಸ್ಸು ಹತ್ತಿದೆ. ದೀಪ ಹಚ್ಚುವ ಹೊತ್ತಿಗೆ ಮಾವನ ಮನೆ ಸೇರಿ, ತೊಟ್ಟಿಲು ತೂಗುತ್ತಿದ್ದ ಶಾಂತಳ ಮುಂದೆ ತಪ್ಪೊಪ್ಪಿಗೆಯ ಧಾಟಿಯಲ್ಲಿ ಎಲ್ಲವನ್ನೂ ಹೇಳಿದೆ. ಅಷ್ಟು ದೂರದಿಂದ ಪರಿಣತರನ್ನು ಕರೆಸಿದೆ, ಅವರು ತಿಂದು ಹೋದರು, ಮನೆಯ ವಿಚಾರ ಒಂದಕ್ಷರವೂ ತಿಳಿಯಲಿಲ್ಲ, ಉಬ್ರಾಣಿಯವರಿಗೇ ಹೋಗಲಿ ಬಿಡು ಎಂದೆ. ಅವಳು ಬೈಯಲಿಲ್ಲ. ವಕೀಲರ ಹಾಗೆ ಪ್ರಶ್ನೆ ಕೇಳತೊಡಗಿದಳು. ತಿನ್ನುವುದಕ್ಕೆ ಮುಂಚೆ ಎಲ್ಲ ಕೋಣೆ ನೋಡಿದ್ದರೇ? ನೋಡಿದ್ದರು. ಮೇಲೆ ನೋಡಿದ್ದರೇ? ಮಲಗಿಕೊಂಡೇ ನೋಡಿದ್ದರು. ಎಲ್ಲಿ ಕೂತು ತಿಂದರು? ಎಷ್ಟು ತಿಂದರು? ಎಷ್ಟು ಹೊತ್ತು ಕೂತಿದ್ದರು?

ಹೇಳಿದೆ. ಅವಳು ತೊಟ್ಟಿಲ ಹಗ್ಗ ಬಿಟ್ಟಳು.

"ಅಲ್ರೀ, ಬೀಳೋ ಮನೆಯಾಗಿದ್ರೆ ಅದೆಲ್ಲ ಗೊತ್ತಿರೋ ಮನುಷ್ಯ ಅದರ ತೊಲೆ ಕೆಳಗೇ ಕೂತು ಹನ್ನೊಂದು ಮೆಣಸಿನಕಾಯಿ ತಿಂತಿದ್ರಾ? ಅಂಗಳಕ್ಕೆ ತರಿಸ್ಕೊಂಡು ತಿಂದು ಹೋಗ್ತಿದ್ರು. ಮನೆ ಬೀಳಲ್ಲ ಬಿಡ್ರಿ. ಇನ್ನು ಸೋರೋದೊಂದು ಗೊತ್ತಾಗ್ಬೇಕು. ಅದಕ್ಕೆ ಓವರ್ಸಿಯರ್ ಯಾಕೆ, ನಾಳೆ ನಾನೇ ಬರ್ತೀನಿ."

ಬಿ.ಎ., ಬಿ.ಎಡ್. ಪಾಸು ಮಾಡಿದ ನಾನು ಅವಳು ಬಿಟ್ಟ ಹಗ್ಗ ಹಿಡಿದು ತೊಟ್ಟಿಲು ತೂಗಿದೆ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಕೂಸನ್ನು ಎತ್ತಿಕೊಂಡು ಹೊರಟೆವು. ಸಿದ್ದೇಶಣ್ಣ ಗೋಡೆ ತೋರಿಸಲು ಎದ್ದರೆ ಶಾಂತ ಬೇಡವೆಂದು ನೇರವಾಗಿ ಅಡುಗೆಮನೆಗೆ ಹೋದಳು. ಗೌರಜ್ಜಿ ಕೊಟ್ಟ ಹಾಲು ಕುಡಿದಳು. ಅವಳಿಗೂ ನೇಮಗಳಿರಲಿಲ್ಲ. ಅಜ್ಜಿ ಕೂಸನ್ನು ಕಾಲ ಮೇಲೆ ಹಾಕಿಕೊಂಡರು. ಕೂಸಿನ ಕಿವಿ ಯಾರ ಹಾಗೆ, ನೆತ್ತಿಗೆ ಯಾವ ಎಣ್ಣೆ ಎಂದು ಅರ್ಧ ಗಂಟೆ ಮಾತಾಯಿತು. ಸಿದ್ದೇಶಣ್ಣ ಬಾಗಿಲಿಗೊರಗಿ ಆಕಳಿಸಿದರು. ಆಗ ಶಾಂತ, ಇದೂ ಎಣ್ಣೆಯ ವಿಷಯವೇ ಎನ್ನುವ ಧ್ವನಿಯಲ್ಲಿ ಕೇಳಿದಳು.

"ಅಜ್ಜೀ, ಮಳೆ ಬಂದಾಗ ಪಾತ್ರೆ ಎಲ್ಲೆಲ್ಲಿ ಇಡ್ತೀರಿ?"

ಸೋರುತ್ತದೆಯೇ ಎಂದು ಕೇಳಿದ್ದರೆ ಗೌರಜ್ಜಿ ಇಲ್ಲವೆನ್ನುತ್ತಿದ್ದರೋ ಏನೋ. ಇದು ಅವರ ನಲವತ್ತು ವರ್ಷದ ಸಂಸಾರದ ಜಾಣತನದ ಪ್ರಶ್ನೆ. ಮುಖ ಅರಳಿತು. "ನಡುಮನೆ ಮೂಲ್ಯಾಗೆ ಹಂಡೆನೇ ಇಡ್ಬೇಕು ಕಣವ್ವ, ಸಣ್ಣದು ಸಾಲಂಗಿಲ್ಲ. ದೇವ್ರ ಕೋಣೆ ಬಾಗ್ಲಾಗೆ ಒಂದು ಕೊಳಗ. ಹಿತ್ತಲ ಬಾಗ್ಲಿಗೆ ಚೊಂಬು ಸಾಕು, ಗಾಳಿ ಪಡುವಲಾಗಿಂದ ಬಂದ್ರೆ ಮಾತ್ರ ಬಕೀಟು. ಬಾ ತೋರಿಸ್ತೀನಿ."

ಎದ್ದು, ಕೂಸನ್ನು ಸೊಂಟಕ್ಕೇರಿಸಿಕೊಂಡು, ಒಂದೊಂದೇ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ಮೂರನೇ ಕಂಬದ ಬುಡಕ್ಕೆ ಗೆದ್ದಲು ಐತೆ, ಪ್ರತಿ ವರ್ಷ ಸೀಮೆಎಣ್ಣೆ ಹೊಯ್ಯಬೇಕು ಎಂದು ಕೇಳದೆಯೇ ಸೇರಿಸಿದರು. ಸಿದ್ದೇಶಣ್ಣ ನಡುವೆ ಎರಡು ಸಲ "ಯವ್ವಾ" ಎಂದರು. ಅಜ್ಜಿ ಅವರಿಗೆ, ಸುಮ್ಕಿರು, ನಿಂಗೇನು ಗೊತ್ತು, ಮಳೆ ಬಂದಾಗ ಎದ್ದೋನಾ ನೀನು, ಎಂದು ಗದರಿಸಿದರು.

ಅದಾದ ಮೇಲೆ ಮಾತು ಬೇಗ ಮುಗಿಯಿತು. ಒಡೆದ ಹೆಂಚು ತೆಗೆದು ಕೈಯಾಡಿಸಿ, ಕಂಬದ ಬುಡ ಬದಲಿಸಿ ಕೊಡುವುದೆಂದು ಸಿದ್ದೇಶಣ್ಣ ಒಪ್ಪಿಕೊಂಡರು. ಶಾಂತ ಅವಲಕ್ಕಿ ಸರ ಬಿಚ್ಚಿ ಕೊಟ್ಟದ್ದು ಅದೇ ಅಡುಗೆಮನೆಯಲ್ಲಿ. ಉಬ್ರಾಣಿಯವರು ಸೋಮವಾರ ಬಂದು ಮಂಡಕ್ಕಿ ತಿಂದು ವಾಪಸು ಹೋದರಂತೆ.

ಎರಡು ವರ್ಷ ಕಳೆದು ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ತಿಪ್ಪೇಸ್ವಾಮಿಯವರು ಸಿಕ್ಕರು. ಮನೆ ಕೊಂಡೆವು ಎಂದೆ. ಈಗಲಾದರೂ ಆ ನೋಟ್‌ಬುಕ್ಕಿನಲ್ಲಿ ಏನಿತ್ತು ಹೇಳಿ ಎಂದೆ. ತಲೆಯಾಡಿಸಿದರು, ಅದು ಬರಂಗಿಲ್ಲ. ಗೌರಜ್ಜಿ ಹೇಗಿದ್ದಾರೆ ಎಂದು ವಿಚಾರಿಸಿದರು. ಶಿವಮೊಗ್ಗದಲ್ಲಿ ಚೆನ್ನಾಗಿದ್ದಾರೆ ಎಂದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿ, "ನಡುಮನೆ ಮೂಲ್ಯಾಗಿನ ಹಂಡೆ ತೆಗೆದ್ರಾ ಮೇಷ್ಟ್ರೇ?" ಎಂದು ಕೇಳಿ ಹತ್ತಿಬಿಟ್ಟರು.

ನಲವತ್ತು ವರ್ಷ ಕಳೆದಿದೆ. ಆ ಮನೆಯಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ನಲವತ್ತೆರಡು ಪುಟವನ್ನು ಗೇಲಿ ಮಾಡಿ ವಾಪಸು ಕಳಿಸಬೇಕೆಂದೇ ಕನ್ನಡಕ ತೆಗೆದಿಟ್ಟಿದ್ದು. ಈಗ ಹಾಗೆನ್ನಿಸುತ್ತಿಲ್ಲ. ಪಾಪ, ಅವರು ಗೋಡೆ ಬಡಿದಿದ್ದಾರೆ, ನೆಲಕ್ಕೆ ಮಟ್ಟ ಹಿಡಿದಿದ್ದಾರೆ, ಕಂಡದ್ದನ್ನು ಬರೆದಿದ್ದಾರೆ. ತಿಪ್ಪೇಸ್ವಾಮಿಯವರೂ ಮಾಡಿದ್ದು ಅಷ್ಟೇ, ಬರೆದದ್ದನ್ನು ತೋರಿಸಲಿಲ್ಲ, ಅಷ್ಟೇ ವ್ಯತ್ಯಾಸ. ವೀಣಾಗೆ ಫೋನ್ ಮಾಡಿದೆ. ರಿಪೋರ್ಟು ಚೆನ್ನಾಗಿದೆ, ಒಂದು ವಿಷಯ ಮಾತ್ರ ಬಿಟ್ಟುಹೋಗಿದೆ ಎಂದೆ.

"ಏನು ಮಾಮ?"

"ಎಲ್ಲಾ ನೋಡಿ ಮುಗಿಸಿದ ಮೇಲೆ ಇಷ್ಟುದ್ದ ಬರೆಯೋದಕ್ಕೆ ಆ ಮನುಷ್ಯ ಎಲ್ಲಿ ಕೂತಿದ್ದರು? ಮನೆಯೊಳಗೋ, ಹೊರಗೋ?"

ಅವಳು ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ.

"ಕೆಳಗೆ ಕಾರಲ್ಲಿ ಕೂತಿದ್ರು ಮಾಮ" ಎಂದಳು. "ತಡೀರಿ, ಅತ್ತೆಗೆ ಕೊಡಿ ಫೋನು."