ಉಸಿರಜ್ಜಿಯ ಬಂಡೆ

ಬೆಟ್ಟ ಹತ್ತಲು ಹೊರಟಾಗಲೂ ಮಿಷನಕ್ಕ ಬಾಬಿನ್ ಡಬ್ಬಿಯನ್ನು ಬಿಟ್ಟು ಬರಲಿಲ್ಲ. ಸೂಜಿ, ದಾರ ಸುತ್ತಿದ ಬಾಬಿನ್‌ಗಳು, ಪಿನ್ನು, ಬೆರಳುದ್ದದ ಸ್ಕ್ರೂಡ್ರೈವರು, ಎಲ್ಲ ಆ ತಗಡಿನ ಡಬ್ಬಿಯಲ್ಲೇ ಇರುತ್ತವೆ. ಹೊಲಿಗೆ ಮಿಷನ್ ರಿಪೇರಿ ಮಾಡುತ್ತ ಅವಳಿಗೆ ಮೂವತ್ತೆಂಟು ವರ್ಷವಾಯಿತು. ಮಹಡಿ ಮೆಟ್ಟಿಲಿನ ಕೆಳಗೆ, ಬೇಕರಿಯ ಗೋಡೆಗೆ ಅಂಟಿಕೊಂಡ ಇಕ್ಕಟ್ಟಾದ ಕೋಣೆ ಅವಳ ಅಂಗಡಿ. ಗೋಡೆಯ ಆ ಕಡೆಯ ಒಲೆಯಿಂದಾಗಿ ಚಳಿಗಾಲದಲ್ಲೂ ಬೆಚ್ಚಗಿರುತ್ತದೆ.

ಬೇರೆ ರಿಪೇರಿಯವರು ಮೊದಲು ಸ್ಕ್ರೂ ಬಿಚ್ಚುತ್ತಾರೆ. ಮಿಷನಕ್ಕ ಹಾಗಲ್ಲ. ತಂದವರನ್ನೇ ಸ್ಟೂಲಿನ ಮೇಲೆ ಕೂರಿಸಿ, "ತುಳೀರಿ" ಎಂದು, ಹಲಗೆಗೆ ಕಿವಿ ಹಚ್ಚಿ ಕಣ್ಣು ಮುಚ್ಚುತ್ತಾಳೆ. ಚಕ್ರ ಎಂಟು ಹತ್ತು ಸುತ್ತು ತಿರುಗುವುದರೊಳಗೆ "ಶಟಲ್ ಸವೆದಿದೆ" ಎಂದೋ "ಒಳಗೆ ದಾರದ ಚೂರು ಸಿಕ್ಕೊಂಡಿದೆ" ಎಂದೋ ಹೇಳಿಬಿಡುತ್ತಾಳೆ. ಬಿಚ್ಚಿ ನೋಡಿದರೆ ಹಾಗೇ ಇರುತ್ತದೆ.

ಇರುತ್ತಿತ್ತು ಎನ್ನಬೇಕು. ಈ ಒಂದು ತಿಂಗಳಲ್ಲಿ ಮೂರು ಮಿಷನ್ ವಾಪಸು ಬಂದಿದ್ದವು. "ಅಕ್ಕಾ, ಟಕಟಕ ಅನ್ನೋದು ಹಾಗೇ ಇದೆಯಲ್ಲ" ಎಂದು ತಂದವರು ಹೇಳಿದರೆ, ಆ ಟಕಟಕ ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ. ಮನೆಯಲ್ಲಿ ಸೊಸೆ ಬೇರೆ, "ಟೀವಿ ಇಷ್ಟು ಜೋರಾಗಿ ಯಾಕತ್ತೆ?" ಎಂದು ದಿನಕ್ಕೆರಡು ಸಲ ಕೇಳುತ್ತಿದ್ದಳು. ಕೊನೆಗೆ ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋಗಿ ಬಂದಳು. ಅವರು ಕೊಡಿಸಿದ, ಕಡಲೆಬೀಜದಷ್ಟೇ ಗಾತ್ರದ ಕಿವಿಯ ಯಂತ್ರವನ್ನು ಹತ್ತಿಯಲ್ಲಿ ಸುತ್ತಿ ಬಾಬಿನ್ ಡಬ್ಬಿಯ ತಳಕ್ಕೆ ಸೇರಿಸಿದಳು. ಇಷ್ಟು ವರ್ಷ ಕಿವಿಯಿಂದಲೇ ಅನ್ನ ಸಂಪಾದಿಸಿದವಳಿಗೆ ಕಿವಿ ಕೇಳುವುದಿಲ್ಲವಂತೆ ಎಂದು ಊರಿಗೆ ಗೊತ್ತಾದರೆ ಯಾರು ತಾನೆ ಮಿಷನ್ ತರುತ್ತಾರೆ? ತಿಂಗಳ ಕೊನೆಗೆ ಅಂಗಡಿಗೆ ಬೀಗ ಹಾಕಿಬಿಡುವುದೆಂದು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಈ ಬೆಟ್ಟದ ಸವಾರಿ ಬಂತು. ಊರಿನ ಆಸ್ಪತ್ರೆಯಲ್ಲಿದ್ದ ನರ್ಸಮ್ಮ ರಿಟೈರಾದ ಮೇಲೆ ಬೆಟ್ಟದ ಒಂದೊಂದು ಕಲ್ಲಿಗೂ ಇರುವ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಹುಚ್ಚು ಹಿಡಿಸಿಕೊಂಡಿದ್ದಳು. ಪಕ್ಕದ ಬೇಕರಿಯವಳು ಒಲೆಯ ಇಟ್ಟಿಗೆ ಬದಲಿಸಲೆಂದು ಎರಡು ದಿನ ಅಂಗಡಿ ಮುಚ್ಚಿದ್ದಳು. ದಾರಿ ತೋರಿಸಲು ನರ್ಸಮ್ಮನ ಅಣ್ಣ ಜೊತೆಗೆ ಬಂದಿದ್ದ. ಎಪ್ಪತ್ತೈದು ದಾಟಿದ ಆತ ಒಂದು ಕಾಲದಲ್ಲಿ ಊರಿಗೆ ನೀರು ತರುವ ಪೈಪುಗಳ ಫಿಟ್ಟರಾಗಿದ್ದವನು. ಎಲ್ಲರ ಬಾಯಲ್ಲೂ ಪೈಪಣ್ಣ.

ಮಿಷನಕ್ಕ ಎಲ್ಲರಿಗಿಂತ ಮುಂದೆ ಹೆಜ್ಜೆ ಹಾಕಿದಳು. ಮುಂದಿದ್ದರೆ ಹಿಂದಿನವರ ಮಾತಿಗೆ ಉತ್ತರ ಕೊಡಬೇಕಾಗುವುದಿಲ್ಲ.

"ನೋಡಿ ಅವಳ ಗತ್ತು! ಬೆಟ್ಟ ಇವಳ ಅಪ್ಪಂದೇ ಅನ್ನೋ ಹಾಗೆ ನಡೀತಾಳೆ" ಎಂದು ಬೇಕರಿಯವಳು ಹಿಂದಿನಿಂದ ಕೂಗಿದಳು. ಅವಳ ಗಂಟಲು ಮಾತ್ರ ಮಿಷನಕ್ಕನಿಗೆ ಈಗಲೂ ಚೆನ್ನಾಗಿ ಕೇಳಿಸುತ್ತಿತ್ತು.

ಮೊದಲು ಸಿಕ್ಕಿದ್ದು ಬೆನ್ನಿಗೆ ಬೆನ್ನು ಮಾಡಿ ನಿಂತ ಎರಡು ಕಲ್ಲುಗಳು. ಒಂದು ಬಾಚಣಿಗೆಗಾಗಿ ಜಗಳವಾಡಿ ಕಲ್ಲಾದ ಅಕ್ಕತಂಗಿಯರಂತೆ. "ನಾನೂ ನಮ್ಮ ನಾದಿನಿಯೂ ನಿಂತ ಹಾಗೇ ಇದೆ, ಬರ್ಕೊಳ್ಳಿ ನರ್ಸಮ್ಮ" ಎಂದಳು ಬೇಕರಿಯವಳು. ಆಮೇಲೆ ಕಳ್ಳನ ಗವಿ. ಏಳು ಕೊಪ್ಪರಿಗೆ ಚಿನ್ನ ಇದೆ ಎನ್ನುವ ಜಾಗದಲ್ಲಿ ಒಂದು ಹರಿದ ಚಪ್ಪಲಿ ಬಿಟ್ಟರೆ ಬೇರೇನೂ ಇರಲಿಲ್ಲ.

ಗವಿಯಿಂದ ಬಗ್ಗಿ ಹೊರಬರುವಾಗ ಬೇಕರಿಯವಳ ಬ್ಯಾಗಿನ ಪಟ್ಟಿ ಪರ್ರನೆ ಹರಿದು ಬನ್ನುಗಳೆಲ್ಲ ನೆಲದ ಪಾಲಾದವು.

"ನಿನ್ನ ಡಬ್ಬಿ ಕೊಡೇ, ಒಂದು ಪಿನ್ನು ತಗೋತೀನಿ" ಎಂದು ಅವಳು ಕೈ ಚಾಚಿದ್ದೇ ತಡ, ಮಿಷನಕ್ಕ ಡಬ್ಬಿಯನ್ನು ಎದೆಗವಚಿಕೊಂಡಳು.

"ಮುಟ್ಟಬೇಡ. ನಾನೇ ಹೊಲಿದು ಕೊಡ್ತೀನಿ."

"ಅಯ್ಯಯ್ಯೋ! ಕಳ್ಳನ ಏಳು ಕೊಪ್ಪರಿಗೆಯೂ ಇವಳ ಡಬ್ಬಿಯೊಳಗೇ ಇದೆ ಅಂತ ಕಾಣುತ್ತೆ."

ಎಲ್ಲರೂ ನಕ್ಕರು. ಅವರ ಕಡೆಗೆ ಬೆನ್ನು ತಿರುಗಿಸಿ ಕೂತು ಪಟ್ಟಿ ಹೊಲಿದಳು ಮಿಷನಕ್ಕ. ಹೊಲಿಗೆ ಸೊಟ್ಟಗಾಯಿತು.

ಇನ್ನು ಅರ್ಧ ಗಂಟೆ ಹತ್ತಿದರೆ ಉಸಿರಜ್ಜಿಯ ಬಂಡೆ. ಮಗ್ಗುಲಾಗಿ ಮಲಗಿದ ಮುದುಕಿಯಂತಹ ಕಲ್ಲು. ಸೊಂಟದ ಹತ್ತಿರದ ಬಿರುಕಿನಿಂದ ಕಬ್ಬಿಣದ ಸರಳೊಂದು ಗೇಣುದ್ದ ಮೇಲೆ ಬಂದಿದೆ. ಪಕ್ಕದಲ್ಲಿ ಊರಿನವರು ಹೊಸದಾಗಿ ನೆಟ್ಟ ಫಲಕ. ನರ್ಸಮ್ಮ ಕನ್ನಡಕ ಏರಿಸಿ ಜೋರಾಗಿ ಓದಿದಳು: "ಈ ಬೆಟ್ಟದೊಳಗೆ ಒಬ್ಬ ಅಜ್ಜಿ ಮಲಗಿದ್ದಾಳೆ. ಅವಳ ಉಸಿರು ಕೆಟ್ಟರೆ ಊರಿಗೆ ನೀರಿಲ್ಲ. ಮುನ್ನೂರು ವರ್ಷಗಳಿಂದ ಜನರ ಬಾಯಲ್ಲಿರುವ ಕಥೆ."

ಪೈಪಣ್ಣ ನಕ್ಕುನಕ್ಕು ಕೆಮ್ಮು ಹತ್ತಿಸಿಕೊಂಡ. "ಮುನ್ನೂರು ವರ್ಷಾನಾ? ಈ ಅಜ್ಜಿ ಹುಟ್ಟಿದ್ದು ನನ್ನ ಕಣ್ಣೆದುರಿಗೇ ಕಣ್ರಮ್ಮ! ಹುಟ್ಟಿಸಿದೋನು ಈ ಪುಟ್ಟಿಯ ಅಪ್ಪ."

ಪುಟ್ಟಿ ಎಂದು ಅವನು ಬೆರಳು ತೋರಿಸಿದ್ದು ಅರವತ್ತೆರಡರ ಮಿಷನಕ್ಕನನ್ನು.

ಅಜ್ಜಿಯ ಕಥೆಯನ್ನು ಅಪ್ಪ ಹೇಳಿದ್ದು ಅವಳಿಗೆ ನೆನಪಿತ್ತು. ಅಪ್ಪ ನೀರಿನ ಪೈಪು ಕಾಯುವ ಕೆಲಸದವನು. ಅವ್ವ ತೀರಿಕೊಂಡ ವರ್ಷ, ಏಳು ವರ್ಷದ ಇವಳನ್ನು ದಿನಾ ಬೆಳಿಗ್ಗೆ ಇಲ್ಲಿಗೆ ಕರೆತಂದು, "ಸರಳಿಗೆ ಕಿವಿ ಕೊಟ್ಟು ಅಜ್ಜಿ ಹೆಂಗೆ ಉಸಿರಾಡ್ತಾಳೆ ಹೇಳು ಮಗಾ" ಎನ್ನುತ್ತಿದ್ದ. "ಗೊರಕೆ ಹೊಡೀತಾಳಪ್ಪಾ" ಎಂದರೆ ಬೆನ್ನು ತಟ್ಟುತ್ತಿದ್ದ. "ಮೂಗಲ್ಲಿ ಸಿಳ್ಳೆ ಬರ್ತಿದೆ, ನೆಗಡಿಯಾಗಿದೆ" ಎಂದರೆ ಚೀಲ ಹೆಗಲಿಗೇರಿಸಿ ಇಳಿಜಾರಿನಲ್ಲಿ ಓಡುತ್ತಿದ್ದ. ಹೀಗೆ ಮೂರು ವರ್ಷ. ಶಾಲೆ ಕೈತಪ್ಪಿತು. ಮತ್ತೆ ಸೇರಿದಾಗ ಜೊತೆಯವರೆಲ್ಲ ಮುಂದೆ ಹೋಗಿದ್ದರು, ಅವಳಿಗೆ ನಾಲ್ಕನೇ ಕ್ಲಾಸಿಗೇ ಸಾಕಾಯಿತು. ಅಪ್ಪ ತೀರಿಹೋಗಿ ನಲವತ್ತು ವರ್ಷವಾದರೂ ಆ ಮುಳ್ಳು ಹಾಗೇ ಉಳಿದಿತ್ತು. ಮನೆಯಲ್ಲಿ ಒಂಟಿಯಾಗಿ ಬಿಡಲಾಗದೆ, ಒಂದು ಕಡೆ ಕೂರಿಸಲು ಕಥೆ ಕಟ್ಟಿದ, ಶಾಲೆಗೇ ಕಳಿಸಬಹುದಿತ್ತಲ್ಲ?

"ಯಾಕಣ್ಣಾ? ನನ್ನನ್ನ ಯಾಕೆ ಕೂರಿಸ್ತಿದ್ದ?" ಎಂದು ಇವತ್ತು ಬಾಯಿ ಬಿಟ್ಟೇ ಕೇಳಿದಳು.

ಪೈಪಣ್ಣ ಅವಳೆದುರಿಗೆ ಬಂದು ಕೂತ. "ಪೈಪು ಹಾಕೋಕೆ ಬಂಡೆ ಸಿಡಿಸಿದಾಗ ನಿಮ್ಮಪ್ಪ ತೀರಾ ಹತ್ತಿರ ಇದ್ದ, ಪುಟ್ಟಿ. ಎರಡು ಕಿವಿಯೂ ಹೋದವು. ಈ ಸರಳು ಕೆಳಗಿನ ಪೈಪಿಗೆ ತಾಗುತ್ತೆ. ಪೈಪು ಎಲ್ಲಾದರೂ ಸೋರಿದರೆ ಸದ್ದು ಬದಲಾಗುತ್ತೆ, ಅದನ್ನ ಕೇಳೋದೇ ಅವನ ಕೆಲಸ. ಕೇಳಿಸಲ್ಲ ಅಂತ ಗೊತ್ತಾದ್ರೆ ಮಾರನೇ ದಿನವೇ ಮನೆಗೆ ಕಳಿಸೋರು. ಅದಕ್ಕೇ ನಿನ್ನ ಕಿವಿ ತಗೊಂಡ. ಮೂರು ವರ್ಷ ಆದ ಮೇಲೆ ಗೇಟಿನ ಕಾವಲಿಗೆ ಹಾಕಿದ್ರು, ಅಲ್ಲಿ ಕಿವಿ ಬೇಕಿರಲಿಲ್ಲ, ನೀನು ಶಾಲೆಗೆ ಹೋದೆ. ಯಾರಿಗೂ ಹೇಳಬೇಡ ಅಂತ ನನ್ನ ಕೈ ಹಿಡ್ಕೊಂಡಿದ್ದ."

ಆಮೇಲೆ ಹೇಳಿದ: "ಒಂದೊಂದು ದಿನ ಕೆಳಗೆ ಕೂತು ಅಳೋನು. ಮಗು ಶಾಲೆಗೆ ಹೋಗಬೇಕಾದ ಹೊತ್ತಲ್ಲಿ ನನಗೆ ಅನ್ನ ಹಾಕ್ತಿದೆ ಅನ್ನೋನು. ಆದರೆ ಕಿವಿ ಮಾತ್ರ ಚಿನ್ನದ್ದು, ಎಲ್ಲೇ ಹೋದರೂ ಬದುಕ್ಕೋತಾಳೆ ಅಂತಲೂ ಹೇಳೋನು."

ಅಪ್ಪನ ಎಷ್ಟೋ ವಿಷಯಗಳು ಒಮ್ಮೆಲೇ ನೆನಪಾದವು. ಯಾರ ಮಾತಿಗೂ ತಿರುಗದೆ ಮುಂದೆ ಮುಂದೆ ನಡೆಯುತ್ತಿದ್ದದ್ದು, ಜನ ಅವನನ್ನು ಗತ್ತಿನವನು ಎನ್ನುತ್ತಿದ್ದದ್ದು, ತಾನು ಮಾತಾಡುವಾಗ ಅವನು ತನ್ನ ತುಟಿಯನ್ನೇ ನೋಡುತ್ತಿದ್ದದ್ದು. ಪಾಪ, ಹೇಳಿಬಿಡಬಹುದಿತ್ತಲ್ಲ ಅನ್ನಿಸಿತು. ಅದರ ಬೆನ್ನಿಗೇ, ತಾನು ಮಾಡುತ್ತಿರುವುದಾದರೂ ಏನು ಎಂಬುದು ಹೊಳೆಯಿತು.

ಡಬ್ಬಿ ತೆರೆದಳು. ಬಾಬಿನ್‌ಗಳನ್ನು ಮಡಿಲಿಗೆ ಸುರಿದು, ಹತ್ತಿ ಬಿಡಿಸಿ, ಆ ಕಡಲೆಬೀಜವನ್ನು ಅಂಗೈಯಲ್ಲಿಟ್ಟು ಎಲ್ಲರ ಮುಂದೆ ಹಿಡಿದಳು.

"ನನಗೂ ಕೇಳಿಸ್ತಿಲ್ಲ. ಒಂದು ವರ್ಷದಿಂದ ಕಮ್ಮಿಯಾಗ್ತಾನೇ ಬಂತು. ಅಂಗಡಿ ಮುಚ್ಚಬೇಕು ಅಂತಿದ್ದೆ."

ಬೇಕರಿಯವಳು, "ಕತ್ತೆ! ಗೋಡೆಯಾಚೆಗೇ ಇದ್ದೀನಿ, ನನಗೊಂದು ಮಾತು ಹೇಳೋಕೆ ಏನಾಗಿತ್ತು ನಿನಗೆ?" ಎಂದು ಬೈದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬೈಯೋದು ಆಮೇಲೆ" ಎಂದು ಮಿಷನಕ್ಕ ಅವಳನ್ನು ಸರಳಿನ ಕಡೆಗೆ ಎಳೆದಳು. "ಮೊದಲು ಸರಳಿಗೆ ಕಿವಿ ಕೊಟ್ಟು ಹೇಳು, ಅಜ್ಜಿ ಹೇಗಿದ್ದಾಳೆ?"

ಬೇಕರಿಯವಳು ಮಂಡಿಯೂರಿ ಬಾಗಿದಳು. "ಗುರ್ ಅಂತಿದ್ದಾಳೆ ಕಣೇ. ಒಂದೇ ಸಮ. ನಮ್ಮೆಜಮಾನರ ಗೊರಕೆಗಿಂತ ಎಷ್ಟೋ ವಾಸಿ."

"ಹಾಗಿದ್ರೆ ಚೆನ್ನಾಗಿದ್ದಾಳೆ" ಎಂದಳು ಮಿಷನಕ್ಕ.

ನರ್ಸಮ್ಮ ಯಂತ್ರವನ್ನು ಒರೆಸಿ ಅವಳ ಕಿವಿಗೆ ಸರಿಯಾಗಿ ಕೂರಿಸಿದಳು. ಮೊದಲು ಕೀ ಎಂದು ಕಿರುಚಿತು. ಆಮೇಲೆ ಒಣ ಹುಲ್ಲು, ಗಾಳಿ, ಪೈಪಣ್ಣನ ಗೂರಲು ಉಸಿರು, ಒಂದೊಂದಾಗಿ ಹತ್ತಿರ ಬಂದವು. ಮಿಷನಕ್ಕ ತಾನೇ ಬಗ್ಗಿದಳು. ಕೆಳಗೆಲ್ಲೋ ಅಜ್ಜಿ ತೆಳ್ಳಗೆ, ತಗಡಿನ ಡಬ್ಬಿಯೊಳಗಿನಿಂದ ಬಂದ ಹಾಗೆ ಉಸಿರಾಡುತ್ತಿದ್ದಳು. ಚಿಕ್ಕಂದಿನಲ್ಲಿ ಕೇಳಿದ ಹಾಗಿರಲಿಲ್ಲ. ಆದರೂ ಅವಳೇ. ಸರಳಿನ ತುದಿಯನ್ನು ಒಮ್ಮೆ ಸವರಿದಳು. ಎಷ್ಟು ವರ್ಷದ ಸಿಟ್ಟನ್ನು ಹೊತ್ತು ತಿರುಗಿದೆನಲ್ಲಪ್ಪಾ, ನೀನು ಕೊಟ್ಟದ್ದರಿಂದಲೇ ಇಷ್ಟು ವರ್ಷ ಉಂಡೆ ಎಂದು ಮನಸ್ಸಿನಲ್ಲೇ ಕೈಮುಗಿದಳು.

"ಈ ಮುನ್ನೂರು ವರ್ಷಾನ ಹೊಡೆದುಹಾಕಿಸಬೇಕು" ಎಂದು ನರ್ಸಮ್ಮ ಪೆನ್ನು ತೆಗೆದಳು.

"ಇರಲಿ ಬಿಡಿ ನರ್ಸಮ್ಮ. ಕಥೆ ಅಷ್ಟು ದೂರ ಹೋಯಿತು ಅಂತ ಗೊತ್ತಾಗಿದ್ರೆ ಅಪ್ಪ ಬಿದ್ದು ಬಿದ್ದು ನಗ್ತಿದ್ದ."

ಇಳಿಯುವಾಗ ಅವಳು ಮುಂದೆ ನಡೆಯಲಿಲ್ಲ. ಎಲ್ಲರ ನಡುವೆ, ನೆಲದಿಂದ ಆರಿಸಿ ಊದಿದ ಬನ್ನು ತಿನ್ನುತ್ತ ಬಂದಳು.

ಸೋಮವಾರ ವಾಪಸು ಬಂದಿದ್ದ ಮೂರು ಮಿಷನ್ನುಗಳಲ್ಲಿ ಮೊದಲನೆಯದನ್ನು ಎಳೆದುಕೊಂಡಳು. ಅದರ ಒಡತಿಯ ಕಣ್ಣು ಕಿವಿಯ ಯಂತ್ರದ ಮೇಲೆ ಬಿತ್ತು.

"ಹೂಂ, ನನಗೀಗ ಇದು ಬೇಕು" ಎಂದಳು ಮಿಷನಕ್ಕ. "ತುಳೀರಿ."

ಹಲಗೆಗೆ ಕಿವಿ ಹಚ್ಚಿದಳು. ಟಕಟಕ ಕೇಳಿಸಿತು. ಜೊತೆಗೆ ಗೋಡೆಯಾಚೆಯಿಂದ, ಒಲೆ ಕಟ್ಟುವವನನ್ನು ಬೇಕರಿಯವಳು ತರಾಟೆಗೆ ತೆಗೆದುಕೊಳ್ಳುತ್ತಿದ್ದದ್ದೂ ಕೇಳಿಸಿತು. ಅದನ್ನು ಕೇಳುತ್ತ ಒಂದು ಗಳಿಗೆ ಹಾಗೇ ಇದ್ದು, ಆಮೇಲೆ ಸ್ಕ್ರೂಡ್ರೈವರು ಕೈಗೆತ್ತಿಕೊಂಡಳು.