ಅಕ್ಕೋರು ಅಳೆದ ಜೋಳ

ಆರೇಳು ವರ್ಷದ ಹಿಂದಿನ ಮಾತು. ಆಗ ನಾನು ಹಾನಗಲ್ಲಿನ ಒಂದು ಹವ್ಯಾಸಿ ನಾಟಕ ತಂಡದ ಸಂಗೀತ ನಿರ್ದೇಶಕ. ಸವಣೂರಿನ ನಿವೃತ್ತ ಶಿಕ್ಷಕಿ ಶಾಂತಕ್ಕೋರ ಕಾದಂಬರಿಯನ್ನು ನಾಟಕ ಮಾಡಿ ಹಿರೇಕೆರೂರಿನಲ್ಲಿ ಆಡುವುದೆಂದು ನಿಶ್ಚಯವಾಗಿತ್ತು. ಜೋಳ ಅಳೆದು ಮಾರಿ ಮನೆ ನಡೆಸುವ ಹೆಣ್ಣುಮಗಳೊಬ್ಬಳ ಕಥೆ. ಅಕ್ಕೋರದು ಒಂದೇ ಷರತ್ತು.

"ನನ್ನ ಕಾದಂಬರಿಯಾಗ ಯಾರೂ ಹಾಡಂಗಿಲ್ರಿ ಮಾಸ್ತರ. ಒಂದ ಹಾಡು ಬಂದ್ರೂ ಪುಸ್ತಕ ವಾಪಸ್ ತಗೋತೇನಿ."

ನನ್ನ ತಲೆ ಕೆಟ್ಟುಹೋಯಿತು. ನಮ್ಮ ಎಷ್ಟೋ ಹಾಡಿನ ನಾಟಕಗಳು ಹುಟ್ಟಿದ್ದೇ ಕಾದಂಬರಿ ರಂಗಕ್ಕೆ ಬಂದಾಗ. ಲೇಖಕರು ಪುಟಗಟ್ಟಲೆ ಬರೆದ ಮನಸ್ಸಿನ ಮಾತನ್ನು ನಟಿ ಸುಮ್ಮನೆ ನಿಂತು ಒಪ್ಪಿಸಿದರೆ ಜನ ಆಕಳಿಸುತ್ತಾರೆ. ಅದನ್ನೇ ಹಾಡಿದರೆ ಕಣ್ಣೊರೆಸಿಕೊಳ್ಳುತ್ತಾರೆ. ಹಾಡಿಲ್ಲದೆ ನಮ್ಮ ನಾಟಕ ಏಳುವಂತಿರಲಿಲ್ಲ, ಹಾಡಿಟ್ಟರೆ ನಾಟಕವೇ ಇಲ್ಲ.

ಅಕ್ಕೋರು ಒಂದು ದಿನ ತಾಲೀಮು ನೋಡಲು ಬಂದರು. ನಾಯಕಿಯ ಪಾತ್ರದ ರೇಣುಕಾ ಪೇಟೆಯಲ್ಲಿ ಬೆಳೆದವಳು. ಸೇರು ಹಿಡಿದು "ಒಂದು, ಎರಡು" ಎಂದು ಜೋಳ ಅಳೆಯತೊಡಗಿದಳು. ಅಕ್ಕೋರು ಕುರ್ಚಿಯಿಂದ ಎದ್ದೇಬಿಟ್ಟರು.

"ಅಯ್ಯ ನನ ಮಗಳ! ಕಾಳು ಅಳಿಯೋ ಮುಂದ ಯಾರರ ಒಂದು ಅಂತಾರೇನ? ಮೊದಲನೇ ಸೇರಿಗೆ ಲಾಭ ಅನ್ನಬೇಕು. ಕೊಡಿಲ್ಲೆ!"

ಸೆರಗು ಸಿಕ್ಕಿಸಿ, ಕುಕ್ಕರಗಾಲಲ್ಲಿ ಕುಳಿತು, "ಲಾಭೋ... ಲಾಭ... ಎರಡೋ... ಎರಡ..." ಎಂದು ಎಳೆದರು. ಒಂದೊಂದು ಸೇರಿಗೂ ದನಿ ಏರಿತು. ಜೋಳ ಸುರಿಯುವ ಸದ್ದೇ ತಾಳವಾಯಿತು. ನಾನು ಬಿಡುತ್ತೇನೆಯೇ! ಹಾರ್ಮೋನಿಯಂ ಎಳೆದುಕೊಂಡು ಅವರ ಸ್ವರ ಹಿಡಿದೆ, ತಬಲಾದವನೂ ಕೂಡಿಕೊಂಡ. ಜೋಳ ಮುಗಿದ ಮೇಲೆಯೇ ಅಕ್ಕೋರು ತಲೆಯೆತ್ತಿದ್ದು.

"ಪೇಟಿ ಯಾಕ ಬಾರಿಸಾಕತ್ತೀರಿ ಮಾಸ್ತರ? ಇದು ಹಾಡಲ್ಲ, ಅಳತಿ!"

"ಹೌದ್ರಿ ಅಕ್ಕೋರ. ನಾಟಕದಾಗ ಬರೇ ಅಳತಿನ ಇರಲಿ, ಹಾಡು ಬ್ಯಾಡ."

ತಂಡವೆಲ್ಲ ಗೊಳ್ಳೆಂದು ನಕ್ಕಿತು. ಅಕ್ಕೋರು ನಾಲಿಗೆ ಕಚ್ಚಿಕೊಂಡು, "ಭಾಳ ಖೋಡಿ ಅದೀರಿ" ಎಂದು ಪ್ರೀತಿಯಿಂದ ಬೈದು ತಾವೂ ನಕ್ಕರು. ಆಮೇಲೆ ರೇಣುಕಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಎಳೆತವನ್ನು ಅವರೇ ಕಲಿಸಿದರು.

ಹೊರಗಿನಿಂದ ತಂದ ಹಾಡನ್ನು ಕಥೆಗೆ ಹಚ್ಚಬಾರದು, ಕಥೆಯ ಜನ ಮಾಡುವ ಕೆಲಸದಲ್ಲೇ ಅದನ್ನು ಕೇಳಿಸಿಕೊಳ್ಳಬೇಕು. ರಂಗಸಂಗೀತ ನನಗೆ ಕಲಿಸಿದ್ದು ಇಷ್ಟೇ. ಹಿರೇಕೆರೂರಿನ ಪ್ರಯೋಗದಲ್ಲಿ ರೇಣುಕಾ "ಲಾಭೋ" ಎನ್ನುತ್ತಲೇ ಸಭೆಯ ಹೆಂಗಸರು ದನಿಗೂಡಿಸಿದರು. ನನಗೆ ಕುಣಿಯಬೇಕೆನ್ನುವಷ್ಟು ಖುಷಿ! ಅಳತೆ ಮುಗಿದದ್ದೇ ತಡ, ಮುಂದಿನ ಸಾಲಿನಿಂದ ಯಾರೋ "ವನ್ಸ್ ಮೋರ್!" ಎಂದು ಕೂಗಿದರು. ಬಗ್ಗಿ ನೋಡಿದೆ. ಶಾಂತಕ್ಕೋರು ಎದ್ದು ನಿಂತಿದ್ದರು.