ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟ ಅಜ್ಜಿ

ಹೋದ ತಿಂಗಳು ತೀರಿಕೊಂಡ ಹೆಂಡತಿಯ ಕಪಾಟು ಖಾಲಿ ಮಾಡುವಾಗ ಸೀರೆಗಳ ಅಡಿಯಲ್ಲಿ ಒಂದು ಎಕ್ಸ್‌ರೇ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದೆ. ಶಿಶುವಿನ ಕೈ, ಎಲುಬಿನ ನಡುವೆ ಸಣ್ಣ ಗೆರೆ. ಮಗಳದ್ದು. ಆದರೆ ನೆನಪಾದದ್ದು ಅವಳನ್ನು ಎಣ್ಣೆ ತಿಕ್ಕಿ ಮೀಯಿಸಲು ಬಂದಿದ್ದ ಅಜ್ಜಿ...

ಮಗಳು ಏಳನೇ ತಿಂಗಳಿಗೇ ಹುಟ್ಟಿ, ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಳು. ಕೋಟೇಶ್ವರದ ಸುತ್ತಲಿನ ಬಾಣಂತಿ ಮನೆಗಳಿಗೆಲ್ಲ ಆ ಅಜ್ಜಿಯೇ ಹೋಗಿ, ಶಿಶುಗಳಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದರು. ನಮ್ಮಲ್ಲಿ ಮೊದಲ ದಿನವೇ ಮಗುವಿನ ಪಕ್ಕೆಲುಬಿನ ಮೇಲೆ ಬೆರಳಾಡಿಸಿದರು, ಮಣಿಕಟ್ಟು ಮುಟ್ಟಿದರು, ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟರು.

"ಈ ಶಿಶುನ ತಿಕ್ಕೂಕಾಗ ಮಗಾ. ಎಲು ಇನ್ನೂ ಹಸಿ ಇತ್ತ್. ಡಾಕ್ಟ್ರಿಗೆ ತೋರ್ಸ್."

"ನಿಮ್ ಕೈಯಗೆ ಬಲ ಇಲ್ಲೆ ಅಂದ್ರೆ ಆಯ್ತಲೆ. ಶಿಶುಗೆ ಎಂತಕೆ ದೋಷ ಹೇಳ್ತ್ರಿ?" ಎಂದೆ.

"ಹ್ವಾಯ್, ಇದ್ ನೀ ಕಡೂ ಮುರಕಲ್ಲ್ ಅಲ್ಲ" ಎಂದು ಹೊರಟುಹೋದರು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಗುಡ್ಡೆಯ ಕೆಂಪು ಮುರಕಲ್ಲು ಕಡಿದೇ ಸ್ವಂತ ಮನೆ ಕಟ್ಟಿದವನು ನಾನು. ನನ್ನ ಮಗುವಿನ ಎಲುಬು ಹಸಿ ಎಂದರೆ ಕೇಳುವುದುಂಟೇ? ಬಟ್ಟಲು ನಾನೇ ತೆಗೆದುಕೊಂಡೆ. ಎಳೆದು ತಿಕ್ಕಿದೆ. ಮಗು ಕಿಟಾರನೆ ಕಿರುಚಿತು. ಆಮೇಲೆ ಎಡಗೈ ಎತ್ತಲೇ ಇಲ್ಲ. ನಾನೂ ಹೆಂಡತಿಯೂ ಕುಂದಾಪುರಕ್ಕೆ ಒಯ್ದೆವು; ಎಕ್ಸ್‌ರೇಯಲ್ಲಿ ಕೈಯ ಎಲುಬು ಬಿರುಕು ಬಿಟ್ಟಿತ್ತು.

ಎಲುಬಿನ ಸುಣ್ಣದ ಅಂಶ ಹೆಚ್ಚಾಗಿ ಸೇರುವುದೇ ಬಸಿರಿನ ಕೊನೆಯ ತಿಂಗಳುಗಳಲ್ಲಂತೆ, ಬೇಗ ಹುಟ್ಟಿದವರಿಗೆ ಅದು ಸಿಕ್ಕಿರುವುದಿಲ್ಲವಂತೆ. ರಕ್ತ ಪರೀಕ್ಷೆಯಲ್ಲಿ ಮೊದಲೇ ಸುಳಿವು ಸಿಗುತ್ತದೆ, ಎಕ್ಸ್‌ರೇಯಲ್ಲಿ ಕಾಣುವ ಹೊತ್ತಿಗೆ ಎಲುಬು ಬಹಳ ತೆಳುವಾಗಿರುತ್ತದೆ ಎಂದರು ಕುಂದಾಪುರದ ಡಾಕ್ಟರು. ಅಜ್ಜಿಯ ಬೆರಳಿಗೆ ಎರಡೂ ಬೇಕಾಗಿರಲಿಲ್ಲ.

"ತಿಕ್ಕಿದ್ದು ಯಾರು?" ಡಾಕ್ಟರು ಕೇಳಿದರು.

"ಮೀಸೂಕೆ ಬಪ್ಪ ಅಜ್ಜಿ" ಎಂದೆ.

ಹೆಂಡತಿ ನನ್ನ ಮುಖ ನೋಡಿದಳು. ಮೇಜಿನ ಮೇಲಿದ್ದ ಎಕ್ಸ್‌ರೇ ಎತ್ತಿಕೊಂಡಳು.

ಔಷಧಿಯಿಂದ ಎಲುಬು ಗಟ್ಟಿಯಾಯಿತು, ಕೈಯೂ ಕೂಡಿಕೊಂಡಿತು. ನನ್ನ ಮಾತು ಮಾತ್ರ ಊರೆಲ್ಲ ತಿರುಗಿತು. ಅಜ್ಜಿಯನ್ನು ಬಾಣಂತಿ ಮನೆಗೆ ಕರೆಯುವವರೇ ಇಲ್ಲವಾದರು. ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು, ಮಾರುವುದಕ್ಕೆಂದು ತೆಂಗಿನ ಗರಿಕಡ್ಡಿಯ ಹಿಡಿಸೂಡಿಯ ಕಟ್ಟು ಹೊತ್ತು.

"ಹೆಣ್ಣಿನ ಕೈ ಸರಿ ಆಯ್ತಾ ಮಗಾ?"

"ಆಯ್ತ್."

"ಅಷ್ಟ್ ಸಾಕ್" ಎಂದು ಬಸ್ಸು ಹತ್ತಿದರು. ನಾನು ಹೇಳಬೇಕಾದದ್ದು ಹಾಗೇ ಉಳಿಯಿತು...

ಅಜ್ಜಿ ತೀರಿಹೋಗಿ ಎಷ್ಟೋ ವರ್ಷವಾಯಿತು. ನಿಜ ಗೊತ್ತಿದ್ದವರಲ್ಲಿ ಈಗ ಉಳಿದದ್ದು ನಾನೊಬ್ಬನೇ. ಮಂಗಳೂರಿನ ಹಾಸ್ಟೆಲ್ಲಿನಲ್ಲಿರುವ ಮಗಳು, "ನಾ ಸಣ್ಣ ಶಿಶು ಇಪ್ಪತಿಗೆ ಒಬ್ರ್ ಅಜ್ಜಿ ನನ್ ಕೈ ಮುರ್ದಿದ್ರಂಬ್ರ್" ಎಂದು ಗೆಳತಿಯರಿಗೆ ನಗುತ್ತಾ ಹೇಳಿದ್ದನ್ನು ಕೇಳಿದ್ದೇನೆ. ಇವತ್ತು ಅವಳ ಫೋನು ಬಂತು. ಹೇಳಿಯೇ ಬಿಡಬೇಕೆಂದು ಜಗಲಿಗೆ ಬಂದು ಕುಳಿತೆ.

"ಅಪ್ಪಯ್ಯ, ಎಂತ ಮಾಡ್ತಿದ್ರಿ?"

"ಎಂತ ಇಲ್ಲೆ ಮಗಾ" ಎಂದೆ.